ಹುಂಜವಿಲ್ಲದ ಕೋಳಿಮನೆ

ನಮ್ಮ ಮನೆಯ ಹಿತ್ತಲ ಬಾಗಿಲಿನ ಹೊರಗೋಡೆಗೆ ಎರಡು ಗೂಟಗಳಿದ್ದವು. ಒಂದರಲ್ಲಿ ಅಮ್ಮನ ಕೋಳಿ ಸೀರೆ ತೂಗುತ್ತಿತ್ತು, ಇನ್ನೊಂದರಲ್ಲಿ ಕಮಲಕ್ಕನ ಮತ್ತು ನನ್ನ ಕೋಳಿ ಬಟ್ಟೆ. ಆ ಸೀರೆ ಕಂದು ಬಣ್ಣದ್ದು ಎಂದು ನಾನು ಹೇಳುತ್ತೇನೆ. ಹಸಿರು, ಅದೂ ಗಿಳಿ ಹಸಿರು ಎಂದು ಅಕ್ಕ ಹೇಳುತ್ತಾಳೆ. ನನ್ನ ಕಣ್ಣ ಮುಂದೆ ಕಂದು ಸೀರೆ ಎಷ್ಟು ಸ್ಪಷ್ಟವಾಗಿ ನಿಲ್ಲುತ್ತದೆಂದರೆ ಅದರ ಅಂಚು ಎಲ್ಲಿ ಹರಿದಿತ್ತು ಎಂಬುದನ್ನೂ ಬರೆದು ತೋರಿಸಬಲ್ಲೆ. ಸ್ಪಷ್ಟವಾಗಿ ಕಂಡದ್ದೆಲ್ಲ ನಿಜವಾಗಬೇಕಿಲ್ಲ ಎಂದು ಕಾಲೇಜಿನಲ್ಲಿ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಆ ಪಾಠ ಈಗ ನನ್ನ ಬುಡಕ್ಕೇ ಬಂದಿದೆ. ಬಟ್ಟೆಯ ನಿಯಮದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. ಕೋಳಿಮನೆಗೆ ಹೋಗುವ ಮುಂಚೆ ಮೈಮೇಲಿನದನ್ನು ಕಳಚಿ ಒಳಗಿಟ್ಟು ಗೂಟದ ಬಟ್ಟೆ ಹಾಕಿಕೊಳ್ಳಬೇಕು. ಕಾಳು ಹಾಕಿ, ನೀರು ಬದಲಿಸಿ, ಹಿಕ್ಕೆ ಗುಡಿಸಿ, ಮೊಟ್ಟೆ ಆರಿಸಿ ಬಂದ ಮೇಲೆ ಅದನ್ನು ಮತ್ತೆ ಗೂಟಕ್ಕೆ ಹಾಕಿ, ಬಚ್ಚಲಲ್ಲಿ ತಲೆಯ ಮೇಲಿಂದ ನೀರು ಹುಯ್ದುಕೊಂಡು, ಒಗೆದ ಬಟ್ಟೆ ಉಟ್ಟು ಒಳಗೆ ಬರಬೇಕು. ದಿನಕ್ಕೆ ಎರಡು ಸಲ, ಮಳೆಯಿರಲಿ ಚಳಿಯಿರಲಿ. ಅಜ್ಜಿ ನಡುಮನೆಯ ಹೊಸಿಲ ಹತ್ತಿರ ಕೂತಿರುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಬಲು ಚುರುಕು. ಬಚ್ಚಲಿನಲ್ಲಿ ಬಿದ್ದ ಚೊಂಬುಗಳನ್ನು ಅಲ್ಲಿಂದಲೇ ಎಣಿಸುತ್ತಿದ್ದಳು.

"ನಾಣಿ, ಎರಡೇ ಚೊಂಬು ಬಿತ್ತಲ್ಲೋ. ಮೂರನೇದು ಯಾರು ಹುಯ್ಕೋತಾರೆ, ನಿಮ್ಮ ಕೋಳೀನಾ?"

ಅಪ್ಪ ಮಾಲೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಮೇಲಿನವರೊಬ್ಬರ ಜೊತೆ ಮಾತಿಗೆ ಮಾತು ಬೆಳೆದು, ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಎಸೆದು ಎದ್ದು ಬಂದರಂತೆ. ಈ ‘ಅಂತೆ’ ಅಮ್ಮನದು, ಅಪ್ಪ ಆ ವಿಷಯಕ್ಕೆ ಎಂದೂ ಬಾಯಿ ಬಿಡಲಿಲ್ಲ. ನಮಗೆ ಹೋಗಲು ಉಳಿದಿದ್ದ ಜಾಗ ಒಂದೇ: ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಬಂಡೆಗಳ ನಡುವೆ ಇದ್ದ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಮನೆ. ಮೂರು ಅಂಕಣದ ಮನೆ, ಒಂದು ಬಾವಿ, ರಾಗಿಯಷ್ಟೇ ಬೆಳೆಯುವ ಒಣನೆಲ. ಮನೆಯೂ ನೆಲವೂ ಅಜ್ಜಿಯ ಹೆಸರಿನಲ್ಲಿದ್ದವು, ಅದನ್ನು ಅವಳು ಮರೆಯುತ್ತಲೂ ಇರಲಿಲ್ಲ, ಮರೆಯಲು ಬಿಡುತ್ತಲೂ ಇರಲಿಲ್ಲ. ಆಗ ಯುದ್ಧದ ಕಾಲ. ಚಿನ್ನದ ಗಣಿಯ ದೊರೆಗಳ ಬಂಗಲೆಗಳಿಗೆ ಮೊಟ್ಟೆ ಎಷ್ಟು ಬಂದರೂ ಸಾಲದು ಎಂದು ಅಪ್ಪ ಯಾರಿಂದಲೋ ಕೇಳಿದ್ದರು. ಒಂದು ಮಧ್ಯಾಹ್ನ ಬಸ್ಸಿನಿಂದಿಳಿದು, ತಲೆಯ ಮೇಲೆ ಬಿದಿರಿನ ಪಂಜರ ಹೊತ್ತುಕೊಂಡು ಬಂಡೆಗಳ ನಡುವೆ ನಡೆದು ಬಂದರು. ಕಂಕುಳಲ್ಲಿ ಒಂದು ಇಂಗ್ಲಿಷ್ ಪುಸ್ತಕ. ಪಂಜರದಲ್ಲಿ ಹನ್ನೆರಡು ಕೋಳಿಗಳು, ಹಾಲಿನಷ್ಟು ಬಿಳಿ, ಜುಟ್ಟು ಕೆಂಪು. ನಮ್ಮದು ಈರುಳ್ಳಿಯನ್ನೂ ಒಳಗೆ ತರದ ಮನೆ. ಅಜ್ಜಿ ಬಾಗಿಲಿಗೆ ಬಂದು, ಕಣ್ಣು ಕಿರಿದು ಮಾಡಿ, ಪಂಜರದಿಂದ ಬಂದ ಸದ್ದಿನ ಕಡೆ ಕಿವಿ ತಿರುಗಿಸಿದಳು.

"ಅಮ್ಮ, ಇವು ಊರ ಕೋಳಿ ಥರ ಅಲ್ಲ. ಸೀಮೆ ಕೋಳಿ. ಪೂರ್ತಿ ಬಿಳೀವು."

"ಬಿಳೀದಾದ್ರೆ ಹಂಸ ಆಗತ್ತೇನೋ?"

"ತಿನ್ನೋಕಲ್ಲಮ್ಮ. ಮೊಟ್ಟೆಗೆ. ಹುಂಜ ಇಲ್ಲದೆ ಇಟ್ಟ ಮೊಟ್ಟೇಲಿ ಜೀವ ಇರಲ್ಲ, ಪುಸ್ತಕದಲ್ಲೇ ಬರೆದಿದೆ. ಹಸು ಹಾಲು ಕೊಟ್ಟ ಹಾಗೆ, ಅಷ್ಟೆ."

"ಹಸು ಕರು ಹಾಕ್ದೆ ಹಾಲು ಕೊಡತ್ತಾ? ಅದ್ಯಾವ ಪುಸ್ತಕದಲ್ಲಿದೆ?"

ಮೂರು ದಿನ ಪಂಜರ ಹುಣಸೆ ಮರದ ಕೆಳಗೇ ಇತ್ತು, ಮೂರು ದಿನ ಅಜ್ಜಿ ಅಪ್ಪನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತುಳಸಿ ಕಟ್ಟೆಯ ಹತ್ತಿರ ಎಲ್ಲರನ್ನೂ ಕರೆದಳು. ಮೊಟ್ಟೆ ವ್ಯಾಪಾರ ವಿಚಾರಿಸಲು ಬಂದಿದ್ದ ಬಾಷಾ ಸಾಬರು ಸೈಕಲ್ ಹಿಡಿದುಕೊಂಡು ಬೇಲಿಯಾಚೆ ನಿಂತಿದ್ದರು, ಅವರನ್ನೂ ಬಿಡಲಿಲ್ಲ. ಷರತ್ತು ಎರಡು. ಹುಂಜ ಈ ಬೇಲಿಯೊಳಗೆ ಕಾಲಿಡಕೂಡದು. ಈ ನೆಲದ ಮೇಲೆ ಮನುಷ್ಯರ ಕೈಯಿಂದ ಒಂದು ಪ್ರಾಣವೂ ಹೋಗಕೂಡದು. ಹೋದ ದಿನ ಮಗನೂ ಬೇಡ, ಸೊಸೆಯೂ ಬೇಡ, ಮೊಮ್ಮಕ್ಕಳೂ ಬೇಡ, ಗಂಟುಮೂಟೆ ಕಟ್ಟಬೇಕು. ಅಜ್ಜಿ ಸಿಟ್ಟು ಬಂದಾಗಲೂ ತೀರ್ಪು ಕೊಡುವಾಗಲೂ ತೆಲುಗಿಗೆ ಹೊರಳುತ್ತಿದ್ದಳು.

"ಒಟ್ಟು ಪೆಟ್ಟು," ಎಂದಳು. ಆಣೆ ಇಡು ಎಂದರ್ಥ.

ಅಪ್ಪ ತುಳಸಿ ಮುಟ್ಟಿ ಆಣೆ ಇಟ್ಟರು. ಅಮ್ಮನೂ ಇಟ್ಟಳು. ಬಾಷಾ ಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡು, "ನನ್ನ ಮಕ್ಕಳಾಣೆ ಅಮ್ಮಾ, ನಿಮ್ಮ ಬೇಲಿ ಒಳಗೆ ನಾನು ಒಂದು ಕೋಳಿ ಕತ್ತೂ ಮುಟ್ಟಲ್ಲ" ಎಂದರು. ಕಮಲಕ್ಕನನ್ನೂ ನನ್ನನ್ನೂ ಯಾರೂ ಕೇಳಲಿಲ್ಲ. ಅವಳಿಗೆ ಹದಿಮೂರು, ನನಗೆ ಒಂಬತ್ತು.

ಹೀಗೆ ನಮ್ಮ ಕೋಳಿ ಸಾಕಣೆ ಶುರುವಾಯಿತು. ಮೊಟ್ಟೆಯ ದುಡ್ಡಿನಲ್ಲಿ ಅಪ್ಪ ಹೊಸ ಹೇಂಟೆಗಳನ್ನು ಕೊಂಡು ತರುತ್ತ ಹೋಗಿ ಹನ್ನೆರಡು ಇಪ್ಪತ್ತಾಯಿತು, ಒಂದು ವರ್ಷದೊಳಗೆ ಅರವತ್ತರ ಹತ್ತಿರ ಬಂತು. ಅಪ್ಪ ತಾವೇ ಜೇಡಿಮಣ್ಣು ಕಲಸಿ ಗೋಡೆ ಎತ್ತಿ, ಜೊಂಡು ಹೊದಿಸಿ, ಪುಸ್ತಕದಲ್ಲಿದ್ದ ಚಿತ್ರದಂತೆಯೇ ಕಿಟಕಿ ಬಿಟ್ಟು ಕೋಳಿಮನೆ ಕಟ್ಟಿದರು. ನಾವು ಅಲ್ಲಿವರೆಗೆ ಇದ್ದ ಯಾವ ಮನೆಗೂ ಅಷ್ಟು ಗಾಳಿ ಬೆಳಕು ಇರಲಿಲ್ಲ. ಹುಂಜವಿಲ್ಲದ ಕೋಳಿಮನೆಯಲ್ಲಿ ಬೆಳಗಾದದ್ದು ಗೊತ್ತಾಗುವುದಿಲ್ಲ. ಕೋಳಿಗಳು ಎದ್ದ ಮೇಲೆಯೂ ಎಷ್ಟೋ ಹೊತ್ತು ಗೊಣಗಿಕೊಳ್ಳುತ್ತ ಕೂತಿರುತ್ತಿದ್ದವು, ಯಾರಾದರೂ ಅಪ್ಪಣೆ ಕೊಡಲಿ ಎಂದು ಕಾಯುವವರಂತೆ. ಬಾಷಾ ಸಾಬರು ದಿನ ಬಿಟ್ಟು ದಿನ ಬಂದು ಬುಟ್ಟಿಯಲ್ಲಿ ಭತ್ತದ ಹೊಟ್ಟು ಹಾಸಿ ಮೊಟ್ಟೆ ಜೋಡಿಸಿಕೊಂಡು ಗಣಿಯ ಕಡೆ ಸೈಕಲ್ ತುಳಿಯುತ್ತಿದ್ದರು. ಗೆದ್ದಲಿನ ಉಪಾಯ ಹೇಳಿಕೊಟ್ಟವರೂ ಅವರೇ. ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ ಮಾರನೆಯ ದಿನ ಮಡಕೆ ತುಂಬ ಬಿಳಿ ಹುಳ. ಅದು ತಿಂದ ಕೋಳಿ ಎರಡರಷ್ಟು ಚುರುಕು. ಈ ಸುದ್ದಿ ಅಜ್ಜಿಯ ಕಿವಿಗೆ ಬಿದ್ದಾಗ ಅವಳು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು.

"ಹುಳ ಇರೋ ಕಡೆ ಕೋಳಿ ಹೋಗಿ ತಿಂದ್ರೆ ಅದು ಕೋಳಿ ಕರ್ಮ. ಹುಳಾನ ಕೋಳಿ ಹತ್ರ ತಂದ್ರೆ ಅದು ನಿಮ್ಮ ಕರ್ಮ."

ಅಂದಿನಿಂದ ನಾನೂ ಅಕ್ಕನೂ ಮಡಕೆಯನ್ನು ಕೋಳಿಗಳ ಹತ್ತಿರ ತರಲಿಲ್ಲ. ಕೋಳಿಗಳನ್ನೇ ಮಡಕೆಯ ಹತ್ತಿರ ಅಟ್ಟಿಕೊಂಡು ಹೋಗಿ, ಮಡಕೆ ಎತ್ತಿ, ಮುಖ ಆ ಕಡೆ ತಿರುಗಿಸಿಕೊಂಡು ನಿಲ್ಲುತ್ತಿದ್ದೆವು. ಅಜ್ಜಿಯ ಧರ್ಮದಲ್ಲಿ ಹೀಗೆ ಸಂದುಗಳಿದ್ದವು, ಅವಳಿಗೆ ಅವು ಗೊತ್ತಿದ್ದವು ಎಂದು ಈಗ ನನಗನ್ನಿಸುತ್ತದೆ. ಆದರೆ ಸಂದು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ ಎಂದು ಮುಂಚಿತವಾಗಿ ತಿಳಿಯುವ ದಾರಿ ಇರಲಿಲ್ಲ. ಊಟದ ಹೊತ್ತಿನಲ್ಲಿ ಆ ಗೋಡೆ ನಮ್ಮ ಮಧ್ಯೆಯೇ ಇರುತ್ತಿತ್ತು. ಅಜ್ಜಿಯ ಅಡಿಗೆ ಅವಳದೇ ಒಲೆಯಲ್ಲಿ, ಕಮಲಕ್ಕ ಮಡಿಯುಟ್ಟು ಸೇದಿ ತಂದ ನೀರಿನಲ್ಲಿ. ಅಪ್ಪ ಅಮ್ಮ ನಾವು ಇನ್ನೊಂದು ಪಕ್ಕ. ಅಜ್ಜಿಗೂ ಅಪ್ಪನಿಗೂ ನಡುವಿನ ಮಾತೆಲ್ಲ ನನ್ನ ಮೂಲಕ ಹೋಗಿ ಬರುತ್ತಿತ್ತು. "ನಾಣಿ, ನಿಮ್ಮಪ್ಪನ್ನ ಕೇಳು, ತಾತನ ತಿಥಿಗೆ ಪುರೋಹಿತರು ಬರ್ತಾರಂತಾ." ಪುರೋಹಿತರು ಬಂದರು. ಆದರೆ ಕೋಳಿಮನೆ ತಮ್ಮ ಕಣ್ಣಿಗೆ ಬೀಳಬಾರದೆಂದು ಹೇಳಿ ಕಳಿಸಿದ್ದರಿಂದ ಅಪ್ಪ ಅದರ ಮುಂದೆ ಉದ್ದಕ್ಕೂ ಚಾಪೆ ಕಟ್ಟಿದರು. ಕೋಳಿಗಳು ಸಂಕಲ್ಪದ ಹೊತ್ತಿಗೆ ಚಾಪೆಯ ಹಿಂದಿನಿಂದ ಒಟ್ಟಿಗೇ ಕೂಗಿದವು. ನನ್ನ ಮುಂಜಿಯ ಮಾತು ತೆಗೆದಾಗ ಅವರು, "ಈ ವೈಭವ ಎಲ್ಲ ಮುಗೀಲಿ, ಆಮೇಲೆ ನೋಡೋಣ" ಎಂದು ಎದ್ದರು. ಹಾಗೆ ನನ್ನ ಮುಂಜಿ ಮುಂದಕ್ಕೆ ಹೋಯಿತು.

ರೋಗ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮೊದಲು ಒಂದು ಕೋಳಿ ಗರಿ ಕೆದರಿಕೊಂಡು ಮೂಲೆಯಲ್ಲಿ ಕೂತಿತು. ಕೊಕ್ಕು ತೆರೆದು ಉಸಿರಿಗೆ ಒದ್ದಾಡುತ್ತಿತ್ತು, ಹಸಿರು ಮಿಶ್ರಿತ ನೀರಿನಂತೆ ಭೇದಿ. ಕೋಳಿ ತಿನ್ನುವ ಮನೆಯಾಗಿದ್ದರೆ ಅದು ಅಂದು ಮಧ್ಯಾಹ್ನವೇ ಮುಗಿದುಹೋಗುತ್ತಿತ್ತು. ನಾವು ಅದನ್ನು ಉಳಿಸಿಕೊಳ್ಳಲು ಹೊರಟೆವು. ಅಮ್ಮ ಅದನ್ನು ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ ಮಲಗಿಸಿ ಕೋಳಿಮನೆಯ ಪಕ್ಕದ ಚಪ್ಪರದಲ್ಲಿಟ್ಟಳು. ಗಂಟೆಗೊಮ್ಮೆ ಅರಿಶಿನದ ನೀರು, ತುಳಸಿ ರಸ ಕೊಕ್ಕಿಗೆ ಬಿಡುತ್ತಿದ್ದಳು. ಆಮೇಲೆ ಅದೇ ಕೈಯಲ್ಲಿ, ಅದೇ ಕೋಳಿ ಸೀರೆಯಲ್ಲಿ ಒಳಗೆ ಹೋಗಿ ಮಿಕ್ಕವಕ್ಕೆ ಕಾಳು ಹಾಕುತ್ತಿದ್ದಳು. ಹಿತ್ತಲ ಹೊಸಿಲು ದಾಟುವಾಗ ಮಾತ್ರ ತಪ್ಪದೆ ಸ್ನಾನ. ಈ ತಪ್ಪು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು. ಕೋಳಿಗೂ ಮನೆಗೂ ನಡುವೆ ಅಷ್ಟು ನೀರು ಹುಯ್ಯುತ್ತಿದ್ದ ನಮಗೆ ಕೋಳಿಗೂ ಕೋಳಿಗೂ ನಡುವೆ ಒಂದು ತೊಟ್ಟು ಹುಯ್ಯಬೇಕೆಂದು ತೋಚಲಿಲ್ಲ. ಮೈಲಿಗೆ ನಮ್ಮ ಪಾಲಿಗೆ ಒಂದೇ ಥರದ್ದಾಗಿತ್ತು. ಎಲ್ಲ ಕೋಳಿಯೂ ಸಮಾನ ಮೈಲಿಗೆಯಾದ ಮೇಲೆ, ರೋಗದ ಕೋಳಿ ಯಾವುದು, ಗಟ್ಟಿ ಕೋಳಿ ಯಾವುದು ಎಂಬ ಭೇದ ಎಲ್ಲಿಂದ ಬರಬೇಕು. ಎರಡನೆಯ ದಿನ ಬುಟ್ಟಿಯಲ್ಲಿ ಮೂರು ಕೋಳಿಗಳಿದ್ದವು.

ಬಾಷಾ ಸಾಬರು ಮೊಟ್ಟೆಗೆ ಬಂದವರು ಬೇಲಿಯಲ್ಲೇ ನಿಂತುಬಿಟ್ಟರು.

"ಅಮ್ಮಾ, ಬುಟ್ಟೀಲಿ ಏನಿಟ್ಟಿದ್ದೀರಿ?"

"ಹುಷಾರಿಲ್ಲ ಸಾಬ್ರೇ. ಅರಿಶಿನದ ನೀರು ಹಾಕ್ತಿದ್ದೀನಿ. ಎರಡು ದಿನದಲ್ಲಿ ಏಳತ್ವೆ."

"ಏಳಲ್ಲ ಅವು. ಕತ್ತು ನೋಡಿ, ಹೆಂಗೆ ತಿರುಚ್ಕೊಂಡು ಆಕಾಶ ನೋಡ್ತಾವೆ. ಕೊಕ್ಕರೆ ರೋಗ. ಈ ಬೀಮಾರಿ ಬಂದ್ರೆ ಒಂದು ಊರಿನ ಕೋಳಿ ಪೂರಾ ಖಾಲಿ. ಜಲ್ದಿ ಕತ್ತು ಮುರಿದು ಗುಂಡೀಗೆ ಹಾಕಿ, ಮೇಲೆ ಸುಣ್ಣ ಹಾಕಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ."

"ಬೇರೆ ಏನಿಲ್ಲಮ್ಮಾ. ಇದ್ದಿದ್ರೆ ಹೇಳ್ತಿದ್ದೆ."

ಅಂದು ಸಂಜೆ ಅಪ್ಪ ನನ್ನನ್ನು ಮಧ್ಯೆ ಇಟ್ಟುಕೊಳ್ಳದೆ ನೇರವಾಗಿ ಅಜ್ಜಿಯ ಎದುರು ಕೂತರು. ಅದೇ ನನಗೆ ಭಯ ಹುಟ್ಟಿಸಿತು.

"ಅಮ್ಮ, ಮೂರೇ ಕೋಳಿ. ಮೂರು ತೆಗೆದ್ರೆ ಮಿಕ್ಕಿದ್ದು ಉಳೀತಾವೆ."

"ನೀನು ಆಣೆ ಇಟ್ಟಿದ್ದು ಎಷ್ಟು ಕೋಳಿಗೆ?"

"ಅವು ಹೇಗೂ ಸಾಯೋವೇ."

"ನಾನೂ ಹೇಗೂ ಸಾಯೋಳೇ," ಎಂದಳು ಅಜ್ಜಿ. "ಅದಕ್ಕೆ?"

ಅಪ್ಪ ಎದ್ದರು. ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಕೋಲಾರದ ದನದ ಆಸ್ಪತ್ರೆಗೆ ಹೋದರು, ಔಷಧಿ ಏನಾದರೂ ಸಿಕ್ಕೀತೆಂದು. ಆಗಿನ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ತಳ್ಳಬೇಕು. ಹೋದವರು ಅಂದು ಬರಲಿಲ್ಲ. ಮಾರನೆಯ ದಿನ ಹೊತ್ತು ಏರುವಷ್ಟರಲ್ಲಿ ರೋಗ ತಗುಲಿದವು ಹನ್ನೊಂದಾಗಿದ್ದವು. ಬುಟ್ಟಿ ಸಾಲದೆ ಅಮ್ಮ ಅವನ್ನು ಚಪ್ಪರದ ಕೆಳಗೆ ನೆಲದ ಮೇಲೆಯೇ ಮಲಗಿಸಿದ್ದಳು. ಕೋಳಿಮನೆಯೊಳಗೆ ಇನ್ನೂ ನಲವತ್ತಕ್ಕೂ ಹೆಚ್ಚು, ಗಟ್ಟಿಯಾಗಿ ಓಡಾಡಿಕೊಂಡು. ಅಜ್ಜಿ ಊಟ ಮುಗಿಸಿ ಒಳಗೆ ಜಪಕ್ಕೆ ಕೂತಿದ್ದಳು. ಬಾಷಾ ಸಾಬರು ಬೇಲಿಯಾಚೆ ಬಂದು ನಿಂತರು. ಅಮ್ಮ ಅವರ ಹತ್ತಿರ ಹೋಗಿ ದನಿ ತಗ್ಗಿಸಿ ಮಾತಾಡಿದಳು. ನಾವಿಬ್ಬರೂ ಅವಳ ಹಿಂದೆಯೇ ಇದ್ದೆವು.

"ನೀವೇ ತಗೊಂಡು ಹೋಗಿ ಸಾಬ್ರೇ. ಹೊರಗೆ ಎಲ್ಲಾದ್ರೂ ಮಾಡಿ."

"ದಾರೀಲಿ ಹತ್ತು ಮನೆ ಕೋಳಿ ಮೇಯ್ತಾವಮ್ಮಾ. ಇವನ್ನ ಆ ದಾರೀಲಿ ಒಯ್ಯಕ್ಕಾಗಲ್ಲ. ಅವರೂ ನಿಮ್ಮಂಗೇ."

"ಹಾಗಾದ್ರೆ ಒಳಗೆ ಬನ್ನಿ."

"ನಿಮ್ಮ ಅತ್ತೆಯವರಿಗೆ ಮಕ್ಕಳ ಮೇಲೆ ಆಣೆ ಇಟ್ಟಿದ್ದೀನಿ. ನಿಮಗೆ ಗೊತ್ತಲ್ಲ." ಚಪ್ಪರದ ಕಡೆ ನೋಡಿ, "ಇವತ್ತೇ ಆಗ್ಬೇಕು. ನಾಳೆಗೆ ಒಳಗಿರೋವೂ ನೆಲ ಹಿಡೀತಾವೆ," ಎಂದರು.

ಆಮೇಲೆ ಹೆಗಲ ಮೇಲಿನ ಟವಲನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕೆಳಕ್ಕೆ ಎಳೆದು ಒಮ್ಮೆ ತಿರುವಿ ತೋರಿಸಿದರು. ಯಾರಿಗೆ ತೋರಿಸಿದರು ಎಂದು ನಾನು ಹೇಳಲಾರೆ. ಅಮ್ಮ ಆ ಕಡೆ ನೋಡುತ್ತಿರಲಿಲ್ಲ. ಸಾಬರು ಟವಲನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ತಿರುಗಿಸಿದರು. ಅಮ್ಮ ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೇಲಿಯ ಪಕ್ಕ, ಕೋಳಿಮನೆಗೆ ಬಳಿಯಲು ಅಪ್ಪ ತೋಡಿದ್ದ ಸುಣ್ಣದ ಗುಂಡಿಯಿತ್ತು, ಗುದ್ದಲಿಯಿತ್ತು. ಅವಳು ಕೋಳಿ ಸೀರೆಯನ್ನು ಗೂಟಕ್ಕೆ ಹಾಕಿ ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮೊದಲನೆಯ ಚೊಂಬು ಬಿದ್ದ ಸದ್ದು ಕೇಳಿಸಿತು. ಆ ಬೇಲಿಯೊಳಗೆ ಆಣೆ ಇಡದವರು ನಾವಿಬ್ಬರೇ.

ಇಲ್ಲಿಂದ ಮುಂದಕ್ಕೆ ನನ್ನ ನೆನಪು ಹೀಗಿದೆ. ನಾನು ಚಪ್ಪರದ ಕೆಳಗೆ ಹೋಗಿ ಮೊದಲನೆಯ ಕೋಳಿಯನ್ನು ಎತ್ತಿಕೊಂಡೆ. ಅಷ್ಟು ದೊಡ್ಡದಾಗಿ ಕಾಣುವ ಕೋಳಿ ಕೈಗೆ ಬಂದರೆ ಬರೀ ಗರಿ, ಒಳಗೆ ಮೈಯೇ ಇಲ್ಲವೆನ್ನುವಷ್ಟು ಹಗುರ. ಜ್ವರದ ಬಿಸಿ ಬನಿಯನ್ನಿನ ಮೂಲಕ ಪಕ್ಕೆಗೆ ತಾಕಿತು. ಸಾಬರು ತೋರಿಸಿದಂತೆ ಹಿಡಿದು ಎಳೆದು ತಿರುವಿದೆ. ಹಸಿ ಕಡ್ಡಿ ಮುರಿದಂತೆ ಬೆರಳಿಗೆ ಗೊತ್ತಾಯಿತು, ಸದ್ದು ಬರಲಿಲ್ಲ. ರೆಕ್ಕೆಗಳು ಆಮೇಲೆಯೂ ಬಡಿಯುತ್ತವೆ ಎಂದು ಸಾಬರು ಹೇಳಿರಲಿಲ್ಲ. ಮೂರನೆಯದು ಕಣ್ಣು ತೆರೆದು ನೋಡಿತು. ಹನ್ನೊಂದೂ ಮುಗಿಯುವವರೆಗೆ ಬಚ್ಚಲಿನಲ್ಲಿ ನೀರು ಬೀಳುತ್ತಲೇ ಇತ್ತು. ಅಕ್ಕ ಗುಂಡಿಯ ಹತ್ತಿರ ನಿಂತು ಸುಣ್ಣ ಎಳೆದು ಹಾಕಿದಳು.

ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಜಗಲಿಯಲ್ಲಿ ದೇವರು ಧರ್ಮಗಳ ವಾದ ಎದ್ದಾಗಲೆಲ್ಲ ಕೊನೆಗೆ ಇದನ್ನು ತೆಗೆಯುತ್ತಿದ್ದೆ. ಹತ್ತು ವರ್ಷದ ಹುಡುಗ, ಮನೆಯ ದೊಡ್ಡವರೆಲ್ಲ ಆಣೆಗೆ ಕಟ್ಟುಬಿದ್ದು ಕೈಚೆಲ್ಲಿ ಕೂತಾಗ, ಕಣ್ಣೆದುರಿನ ರೋಗ ನೋಡಿ ತನ್ನ ಕೈಯಾರೆ ಮಾಡಬೇಕಾದ್ದನ್ನು ಮಾಡಿದ. ಎಲ್ಲರೂ ಸುಮ್ಮನಾಗುತ್ತಿದ್ದರು. ಮುಂದೆ ಮುಂಜಿಯಲ್ಲಿ ಹಾಕಿಸಿಕೊಂಡಿದ್ದ ಜನಿವಾರವನ್ನು ತೆಗೆದಿಟ್ಟಾಗ ಅಪ್ಪನಿಗೆ ಬರೆದ ಕಾಗದದಲ್ಲೂ ಆ ಹನ್ನೊಂದು ಕೋಳಿಗಳಿದ್ದವು. ಅಪ್ಪ ಉತ್ತರ ಬರೆಯಲಿಲ್ಲ. ನಾನು ಏನಾಗಿದ್ದೇನೋ ಅದೆಲ್ಲ ಆ ಮಧ್ಯಾಹ್ನ ಶುರುವಾಯಿತೆಂದು ನಂಬಿಕೊಂಡೇ ಮುದುಕನಾದೆ.

ಹೋದ ಚಳಿಗಾಲದಲ್ಲಿ ಶ್ರೀನಿವಾಸಪುರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಮೊರದ ಮುಂದೆ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಅವಳ ಮೊಮ್ಮಗ ಕೇಳಿದನೆಂದು ನಾನು ಈ ಕಥೆ ಶುರುಮಾಡಿದೆ. ಅವನು ಅರ್ಧದಲ್ಲೇ ಎದ್ದು ಆಟಕ್ಕೆ ಓಡಿದ. ಅಕ್ಕ ತಲೆ ಎತ್ತದೆ ಹೇಳಿದಳು.

"ಅಷ್ಟು ಚೆನ್ನಾಗಿ ಹೇಳ್ತೀಯಲ್ಲೋ. ನೀನು ಎಲ್ಲಿದ್ದೆ ಅಂತ ನೆನಪಿದೆಯಾ?"

"ಚಪ್ಪರದ ಕೆಳಗೆ."

"ಹುಣಸೆ ಮರದ ಹಿಂದೆ. ವಾಂತಿ ಮಾಡ್ಕೋತಿದ್ದೆ. ಮೊದಲನೇದನ್ನ ಎತ್ಕೊಂಡೆ, ಅದು ನಿನ್ನ ಬನಿಯನ್ ಮೇಲೆ ಭೇದಿ ಮಾಡ್ತು, ಕೆಳಗೆ ಹಾಕಿ ಓಡಿದೆ. ಹನ್ನೊಂದೂ ನಾನೇ ಕಣೋ."

"ಮತ್ತೆ ಅಜ್ಜಿ ಕೇಳಿದಾಗ ನಾನೇ ಮಾಡಿದ್ದು ಅಂದೆನಲ್ಲ?"

"ಅನ್ನು ಅಂತ ನಾನೇ ಅಲ್ವಾ ಹೇಳಿಕೊಟ್ಟಿದ್ದು. ನಿಂಗಿನ್ನೂ ಮುಂಜಿ ಆಗಿಲ್ಲ, ನಿಂಗೆ ದೋಷ ಅಂಟಲ್ಲ, ನೀನೇ ಅನ್ನು ಅಂತ. ಅಜ್ಜಿ ಅಡಿಗೆಗೆ ನೀರು ಸೇದೋಳು ನಾನು. ನಾನು ಮಾಡಿದೆ ಅಂದಿದ್ರೆ ಅವಳು ಏನು ಮಾಡ್ತಿದ್ಲು? ನಮ್ಮನ್ನ ಇಟ್ಕೊಳ್ಳೋಕೆ ಅವಳಿಗೂ ಒಂದು ದಾರಿ ಬೇಕಲ್ಲ."

ನಾನು ವಾದ ಮಾಡಿದೆ. ಆ ಬಿಸಿ, ಆ ಹಗುರ, ಮೂರನೆಯದರ ಕಣ್ಣು, ಇವೆಲ್ಲ ಎಲ್ಲಿಂದ ಬಂದವು ಎಂದು ಕೇಳಿದೆ. ಒಂದನ್ನು ಎತ್ತಿಕೊಂಡಿದ್ದೆಯಲ್ಲ, ಬಿಸಿ ಅಲ್ಲಿಂದ ಬಂತು, ಮಿಕ್ಕಿದ್ದನ್ನು ನಾನು ಆಮೇಲೆ ನಿನಗೆ ಹೇಳಿದ್ದೆ ಎಂದಳು. ಬೇರೆ ಯಾರದೋ ಕಥೆಯಾಗಿದ್ದರೆ ನಾನು ಈ ಉತ್ತರವನ್ನು ಒಪ್ಪಿಬಿಡುತ್ತಿದ್ದೆ. ಎರಡು ಸಾಕ್ಷಿಗಳಲ್ಲಿ ಲಾಭವಿಲ್ಲದವನ ಸಾಕ್ಷಿಗೆ ತೂಕ ಹೆಚ್ಚು. ಈ ಕಥೆಯಿಂದ ಜೀವನ ಪೂರ್ತಿ ಲಾಭ ಪಡೆದವನು ನಾನು.

ಅಜ್ಜಿ ಹೊರಗೆ ಬಂದ ಘಳಿಗೆಯಲ್ಲಿ ನಮ್ಮ ನೆನಪುಗಳು ಮತ್ತೆ ಒಂದಾಗುತ್ತವೆ. ಅವಳನ್ನು ಜಪದಿಂದ ಎಬ್ಬಿಸಿದ್ದು ಅಮ್ಮನ ಸ್ನಾನ. ಯಾವ ಮೈಲಿಗೆಗೂ ಅಷ್ಟು ಚೊಂಬು ಬೇಕಿಲ್ಲವೆಂದು ಅವಳಿಗೆ ಗೊತ್ತು. ಹಿತ್ತಲ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಹಸಿ ಸುಣ್ಣದ ವಾಸನೆ ಮನೆಯವರೆಗೆ ಬಂದಿತ್ತು. ಅಮ್ಮ ಒದ್ದೆ ಕೂದಲಲ್ಲಿ ಬಚ್ಚಲ ಬಾಗಿಲಿಗೆ ಬಂದಳು, ಅಲ್ಲಿಂದ ಮುಂದೆ ಬರಲಿಲ್ಲ.

"ಯಾರು?" ಎಂದಳು ಅಜ್ಜಿ.

ಅಕ್ಕ ಸುಣ್ಣ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಕೇಳ್ತಿರೋದು ನಾನು. ಯಾರು ಮಾಡಿದ್ದು?"

"ನಾನು," ಎಂದೆ.

"ಎಷ್ಟು?"

"ಹನ್ನೊಂದು."

"ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ."

ಅವಳು ನಿಂತೇ ಇದ್ದಳು. ಅಮ್ಮನ ಕೂದಲಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಗಂಟು ಕಟ್ಟಿದರೆ ನಾವು ಎಲ್ಲಿಗೆ ಹೋಗಬೇಕು ಎಂದು ನಾನು ಯೋಚಿಸಿದ್ದು ನೆನಪಿದೆ. ಅಪ್ಪ ಕೋಲಾರದಿಂದ ಬಂದರೆ ನಮ್ಮನ್ನು ಎಲ್ಲಿ ಹುಡುಕುತ್ತಾರೆ. ಕೊನೆಗೆ ಅಜ್ಜಿ ತೆಲುಗಿನಲ್ಲಿ ತನಗೆ ತಾನೇ ಏನೋ ಹೇಳಿಕೊಂಡು, ಆಮೇಲೆ ಅಮ್ಮನ ಕಡೆ ತಿರುಗಿದಳು.

"ಮುಂಜಿ ಆಗದ ಮಗು. ಅದಕ್ಕೆ ಪಾಪಾನೂ ಇಲ್ಲ ಪುಣ್ಯಾನೂ ಇಲ್ಲ. ಸಾವಿತ್ರಿ, ತಲೆ ಒರೆಸ್ಕೊ, ಶೀತ ಆಗತ್ತೆ."

ಅಷ್ಟೆ. ನಾವು ಉಳಿದೆವು. ಮಾರನೆಯ ದಿನ ಅಪ್ಪ ದನದ ಆಸ್ಪತ್ರೆಯವರು ಕೊಟ್ಟ ಒಂದು ಕಾಗದದೊಂದಿಗೆ ಬಂದರು. ರೋಗ ತಗುಲಿದವನ್ನು ಕೂಡಲೇ ಕೊಂದು ಹೂಳಬೇಕು, ಬೇರೆ ಔಷಧಿಯಿಲ್ಲ ಎಂದು ಅದರಲ್ಲಿತ್ತು. ಅಜ್ಜಿಯ ಎದುರು ಅದನ್ನು ಓದಲು ಶುರುಮಾಡಿದಾಗ ಅವಳು, "ಆಗಿದೆ, ಬಿಡು" ಎಂದಳು. ಆ ವಾರ ಇನ್ನೂ ಹತ್ತು ಹನ್ನೆರಡು ತಾವಾಗಿಯೇ ಸತ್ತವು, ಸುಮಾರು ಮೂವತ್ತು ಉಳಿದವು. ಸಾಬರ ಮಾತಿನಂತೆ ಅಮ್ಮ ಕೋಳಿ ಸೀರೆಯನ್ನು ಸುಟ್ಟು ಬೇರೆಯದನ್ನು ಗೂಟಕ್ಕೆ ಹಾಕಿದಳು. ಕಂದು, ಹಸಿರು ಎರಡೂ ಇದ್ದಿರಬಹುದು.

ಮಾಡಿದವಳು ತಾನೇ ಎಂದು ಅಜ್ಜಿಗೆ ಗೊತ್ತಾಗಿತ್ತು ಎಂಬುದಕ್ಕೆ ಅಕ್ಕ ಒಂದು ಸಾಕ್ಷಿ ಕೊಟ್ಟಳು. ಮಾರನೆಯ ಬೆಳಿಗ್ಗೆ ಅವಳು ಮಡಿಯುಟ್ಟು ಬಾವಿಗೆ ಹೊರಟರೆ, ಅಜ್ಜಿ ಆ ಮಂಜುಗಣ್ಣಿನಲ್ಲೇ ತಡವರಿಸಿಕೊಂಡು ಬಂದು ಬಿಂದಿಗೆಯನ್ನು ತಾನೇ ತೆಗೆದುಕೊಂಡು ಹೋದಳಂತೆ. ಸಾಯುವವರೆಗೂ ತನ್ನ ನೀರು ತಾನೇ ಸೇದಿಕೊಂಡಳು. ಅಜ್ಜಿ ನೀರು ಸೇದುತ್ತಿದ್ದುದು ನನಗೂ ನೆನಪಿದೆ, ಕಾರಣ ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ.

"ನನ್ನ ಮುಟ್ಟಲಿಲ್ಲ ಕಣೋ ಆಮೇಲೆ. ಮದುವೇಲಿ ಅಕ್ಷತೆ ಹಾಕೋವಾಗಲೂ ದೂರದಿಂದಲೇ ಹಾಕಿದ್ಲು."

"ಸುಳ್ಳು," ಎಂದೆ. "ಅವತ್ತು ಸಂಜೆ ದೀಪ ಹಚ್ಚೋಕೆ ಮುಂಚೆ ನಿನ್ನ ಹಿತ್ತಲ ಕಲ್ಲಿನ ಮೇಲೆ ಕೂರಿಸ್ಕೊಂಡಿದ್ಲು. ನಿನ್ನ ಮುಂಗೈ ತುಂಬ ಕೋಳಿ ಪರಚಿದ ಗಾಯ ಇತ್ತು. ಬೆರಳಲ್ಲಿ ತಡವಿ ತಡವಿ ಹರಳೆಣ್ಣೆ ಅರಿಶಿನ ಹಚ್ಚಿದ್ಲು. ಆಮೇಲೆ ಎದ್ದು ಹೋಗಿ ಮತ್ತೆ ಸ್ನಾನ ಮಾಡಿದ್ಲು. ನಾನು ಬಾಗಿಲಲ್ಲಿ ನಿಂತು ನೋಡಿದೆ."

ಅಕ್ಕನ ಕೈ ನಿಂತಿತು. ಹಿತುಕಿದ ಕಾಳೊಂದು ಬೆರಳುಗಳ ನಡುವೆಯೇ ಇತ್ತು.

"ಇಲ್ಲಪ್ಪ," ಎಂದಳು. "ನಂಗೆ ಅದು ನೆನಪಿಲ್ಲ."

ನನಗಿದೆ. ಕಲ್ಲಿನ ಮೇಲೆ ಬಾಗಿದ ಅಜ್ಜಿಯ ಬೆನ್ನು, ಎಣ್ಣೆಯ ಬಟ್ಟಲು, ಎಲ್ಲ ಕಾಣುತ್ತದೆ. ಆದರೆ ಆ ಸಂಜೆಯಲ್ಲಿ ಅಜ್ಜಿ ಮಾತಾಡುವುದಿಲ್ಲ. ಎಷ್ಟು ಸಲ ನೆನೆಸಿಕೊಂಡರೂ ಅವಳ ಬಾಯಿಂದ ಒಂದು ಮಾತು ಬರುವುದಿಲ್ಲ. ಹನ್ನೊಂದು ಕೋಳಿಗಳ ವಿಷಯದಲ್ಲಿ ನಂಬಲಾಗದ ನೆನಪನ್ನು ಈ ಒಂದು ವಿಷಯದಲ್ಲಿ ಯಾಕೆ ನಂಬಬೇಕು ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕ ಅದನ್ನು ಕೇಳಲಿಲ್ಲ.

"ಏನಾದ್ರೂ ಅಂದ್ಲಾ?" ಎಂದು ಕೇಳಿದಳು.

"ಅಂದ್ಲು."

"ಏನಂತ?"

"ನೋಯ್ತಿದೆಯಾ ಅಂತ ಕೇಳಿದ್ಲು."

ಅಕ್ಕ ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಪಕ್ಕಕ್ಕೆ ಸರಿಸಿದಳು.

"ನೋಯ್ತಿತ್ತು," ಎಂದಳು.